ಮೇಜಿನ ಮೇಲಿನ ಮೋಟಾರು

ಕಳೆದ ಆಷಾಢದ ಒಂದು ಭಾನುವಾರ ದ್ವಾರಕೆಯಲ್ಲಿರುವ ನಮ್ಮ ಹಳೆಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಅವರು ಹಾಸನದ ಕಡೆಯವರು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ದುಡಿದು ನಿವೃತ್ತರಾದವರು. ಊಟದ ಮೇಜಿನ ಮೇಲೆ ವರ್ತಮಾನ ಪತ್ರಿಕೆ ಹಾಸಿ ಅವರ ಮೊಮ್ಮಗ ಏನನ್ನೋ ಬಹು ಏಕಾಗ್ರತೆಯಿಂದ ಅಂಟಿಸುತ್ತ ಕುಳಿತಿದ್ದನು. ಹಾಸಿದ್ದುದು ನಮ್ಮ ಪತ್ರಿಕೆಯೇ ಎಂಬುದನ್ನು ಕಂಡು ನಮಗಾದ ಸಂತೋಷ ಸ್ವಲ್ಪ ಮಿಶ್ರವಾದದ್ದೆಂದು ಒಪ್ಪಿಕೊಳ್ಳಬೇಕು.

ಹುಡುಗ ಕಟ್ಟುತ್ತಿದ್ದುದು 1969ರ ಡಾಡ್ಜ್ ಚಾರ್ಜರ್ ಎಂಬ ಅಮೆರಿಕದ ಮೋಟಾರು ಕಾರಿನ ಪ್ರತಿಕೃತಿ. ಪೆಟ್ಟಿಗೆಯೊಳಗೆ ನೂರಾರು ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ನಿಜವಾದ ಕಾರಿನ ಪ್ರತಿಯೊಂದು ಅಳತೆಯನ್ನೂ ಇಪ್ಪತ್ತೈದರಿಂದ ಭಾಗಿಸಿ ಅವನ್ನು ಎರಕ ಹೊಯ್ದಿರುತ್ತಾರೆ. ಐದು ಮೀಟರಿಗೂ ಉದ್ದವಾದ ಆ ಬೃಹತ್ತಾದ ಗಾಡಿ ಹೀಗೆ 21 ಸೆಂಟಿಮೀಟರಾಗಿ ಮೇಜಿನ ಮೇಲೆ ನಿಲ್ಲುತ್ತದೆ. ಹುಡುಗನ ತಾಯಿ ಕಾಫಿ ತಂದಿಟ್ಟು, "ಒಂಬತ್ತನೆ ತರಗತಿಗೆ ಬಂದರೂ ಆಟದ ಸಾಮಾನು ಬಿಡಲಿಲ್ಲ, ನೀವಾದರೂ ಬುದ್ಧಿ ಹೇಳಿ" ಎಂದರು. ನಾವು ಬುದ್ಧಿ ಹೇಳುವುದಕ್ಕೆ ಮೊದಲೇ ತಾತನವರು ಕನ್ನಡಕವನ್ನು ಮೇಲಕ್ಕೆತ್ತಿ, "ಇದೆಲ್ಲ ಸರಿಯಪ್ಪ, ನಮ್ಮ ಫಿಯೆಟ್ಟು ಮಾಡಲು ಬರುತ್ತದೇನು?" ಎಂದು ಕೇಳಿದರು.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ತಾಯಿಯ ಆಕ್ಷೇಪಣೆಯನ್ನು ನೋಡೋಣ. ಇದು ಆಟದ ಸಾಮಾನೆಂಬುದನ್ನು ನಾವು ಒಪ್ಪುವುದಿಲ್ಲ. ಆಟಿಕೆಗೆ ಸುಳ್ಳು ಹೇಳುವ ಹಕ್ಕುಂಟು. ಚನ್ನಪಟ್ಟಣದ ಬಂಡಿಯ ಚಕ್ರ ಬಂಡಿಗಿಂತ ದೊಡ್ಡದಾಗಿದ್ದರೂ, ಆಲೆ ಮರದ ಕುದುರೆಗೆ ಅರಗಿನ ಕೆಂಪು ಬಣ್ಣ ಬಳಿದಿದ್ದರೂ ಯಾವ ಮಗುವೂ ಜಗಳವಾಡುವುದಿಲ್ಲ. ಅದರ ಚೆಲುವೇ ಅಲ್ಲಿದೆ. ಪ್ರತಿಕೃತಿಗೆ ಆ ಸ್ವಾತಂತ್ರ್ಯವಿಲ್ಲ. ಬಾಗಿಲಿನ ಹಿಡಿ ಎಲ್ಲಿತ್ತೋ ಅಲ್ಲಿಯೇ ಇರತಕ್ಕದ್ದು. ಚೌಕಟ್ಟಿನಿಂದ ತುಂಡುಗಳನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಉಳಿಯುವ ಮೊಳೆಯಂಥ ಗುರುತನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಬೇಕು. ಅಂಟು ಎಂದು ನಾವು ಕರೆಯುವುದು ನಿಜವಾಗಿ ಅಂಟಲ್ಲ, ಪ್ಲಾಸ್ಟಿಕನ್ನು ಕರಗಿಸುವ ದ್ರವ. ಎರಡು ಅಂಚುಗಳು ಕರಗಿ ಒಂದಾಗುತ್ತವೆ, ತಪ್ಪಿದರೆ ಬಿಡಿಸುವುದು ಕಷ್ಟ. ಎಂಜಿನನ್ನು ಕೂರಿಸದೆ ಮೇಲ್ಮೈಯನ್ನು ಮುಚ್ಚಿದವನು ಮತ್ತೆ ಮೊದಲಿನಿಂದ ಆರಂಭಿಸಬೇಕು. ಸಾವಧಾನವೆಂಬುದನ್ನು ಪಾಠ ಮಾಡಿ ಕಲಿಸುವುದು ಸಾಧ್ಯವಿಲ್ಲವೆಂದು ನಾವು ಬಹುಕಾಲದಿಂದ ನಂಬಿದ್ದೇವೆ. ಇಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ, ಆದರೂ ಹುಡುಗ ಕಲಿಯುತ್ತಾನೆ.

ಅಮೆರಿಕದವರು ಇದನ್ನು ಹಿಂದೆಯೇ ಕಂಡುಕೊಂಡಿದ್ದರು. ಅಲ್ಲಿಯ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹುಡುಗರಿಗಾಗಿ ಪ್ರತಿಕೃತಿ ನಿರ್ಮಾಣದ ಸ್ಪರ್ಧೆಯೊಂದನ್ನು ನಡೆಸಿತು. ಮೊದಲು ಕಟ್ಟಬೇಕಾಗಿದ್ದುದು ನೆಪೋಲಿಯನ್ನನ ಕಾಲದ ಸಾರೋಟು, ಅನಂತರ ತಾವೇ ಕಲ್ಪಿಸಿದ ಮೋಟಾರು ಕಾರು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. ಹಾಗೆ ಕಟ್ಟಿದ ಹುಡುಗರಲ್ಲಿ ಹಲವರು ಮುಂದೆ ಕಾರುಗಳ ವಿನ್ಯಾಸಕಾರರಾದರು. 1948ರಲ್ಲಿ ಆರಂಭವಾದ ಏಎಂಟಿ ಎಂಬ ಸಂಸ್ಥೆ, ಹೊಸ ವರ್ಷದ ಕಾರುಗಳ ಚಿಕ್ಕ ಮಾದರಿಗಳನ್ನು ಮಾರಾಟಗಾರರಿಗೆ ಮಾಡಿಕೊಡುತ್ತಿತ್ತು. 1958ರಲ್ಲಿ ಅದೇ ಮಾದರಿಯನ್ನು ಬಿಡಿ ತುಂಡುಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಕಟ್ಟಬಹುದಾಗಿತ್ತು: ಕಾರ್ಖಾನೆಯಿಂದ ಬಂದಂತೆ, ತನ್ನ ಇಷ್ಟದಂತೆ, ಇಲ್ಲವೆ ಪಂದ್ಯಕ್ಕೆ ತಕ್ಕಂತೆ. ಈ ಹವ್ಯಾಸ ಇಂದಿಗೂ ನಡೆಯುತ್ತಿರುವುದು ಬಹುಮಟ್ಟಿಗೆ ಅದೇ ಜಾಡಿನಲ್ಲಿ.

ಪಂದ್ಯವೆಂದೆವು. ಆ ದೇಶದಲ್ಲಿ 'ಸ್ಟಾಕ್ ಕಾರ್' ಎಂಬ ಮಾತಿನ ಅರ್ಥ ಬಹಳ ಸರಳ: ಅಂಗಡಿಯಿಂದ ಕೊಂಡು ತಂದ ಸಾಮಾನ್ಯ ಕಾರು. ಸುಂಕ ತಪ್ಪಿಸಿ ಕಾಡಿನಲ್ಲಿ ಕಾಯಿಸಿದ ಸಾರಾಯಿಯನ್ನು ಪೋಲೀಸರ ಕಣ್ಣು ತಪ್ಪಿಸಿ ಸಾಗಿಸುತ್ತಿದ್ದವರು ತಮ್ಮ ಕಾರುಗಳ ಎಂಜಿನನ್ನೂ ಸ್ಪ್ರಿಂಗನ್ನೂ ಬಲಪಡಿಸಿಕೊಂಡು, ಬಿಡುವಿನಲ್ಲಿ ತಮ್ಮತಮ್ಮಲ್ಲೆ ಪಂದ್ಯ ಕಟ್ಟುತ್ತಿದ್ದರು. ಇದಕ್ಕೊಂದು ವ್ಯವಸ್ಥೆ ತರಲು 1948ರಲ್ಲಿ ನಾಸ್ಕಾರ್ ಎಂಬ ಸಂಘ ಹುಟ್ಟಿತು. 1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ ನಡೆದ, ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರುಗಳ ಮೊದಲ ಅಧಿಕೃತ ಪಂದ್ಯದಲ್ಲಿ ಗ್ಲೆನ್ ಡನವೇ ಎಂಬಾತ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದನು. ಪರೀಕ್ಷಿಸಿ ನೋಡಿದಾಗ ಆತನ ಫೋರ್ಡಿನ ಹಿಂದಿನ ಸ್ಪ್ರಿಂಗು ಬದಲಾಯಿಸಿದ್ದುದು ತಿಳಿದು, ಬಹುಮಾನ ಜಿಮ್ ರೋಪರ್ ಎಂಬವನಿಗೆ ಹೋಯಿತು. ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬ ಆ ಕಟ್ಟುನಿಟ್ಟು ಪಂದ್ಯದ ಬಯಲಿನಲ್ಲಿ ಬೇಗನೆ ಸಡಿಲವಾಯಿತು. ಅದು ಈಗ ಉಳಿದಿರುವುದು ಪ್ರತಿಕೃತಿ ಕಟ್ಟುವವರ ಮೇಜಿನ ಮೇಲೆ ಎಂದರೆ ತಪ್ಪಾಗದು.

'ಮಸಲ್ ಕಾರ್' ಎಂಬ ಜಟ್ಟಿ ಕಾರುಗಳದು ಇನ್ನೊಂದು ಕತೆ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಗಾಡಿಯೊಂದರಲ್ಲಿ 6.4 ಲೀಟರಿನ ಎಂಜಿನನ್ನು ಇಟ್ಟು ಜಿಟಿಓ ಎಂದು ಹೆಸರಿಟ್ಟು ಮಾರಿದರು. ಉಳಿದ ಕಂಪನಿಗಳೂ ಹಿಂದೆ ಬೀಳಲಿಲ್ಲ. 1970ರ ಮಾರ್ಚ್ 24ರಂದು ಬಡ್ಡಿ ಬೇಕರ್ ಎಂಬ ಚಾಲಕ, ಹಿಂಬದಿಯಲ್ಲಿ ಎತ್ತರದ ರೆಕ್ಕೆ ಕಟ್ಟಿದ್ದ ಡಾಡ್ಜ್ ಚಾರ್ಜರ್ ಡೇಟೋನಾ ಕಾರನ್ನು ಟ್ಯಾಲಡೇಗದ ಸುತ್ತುಪಥದಲ್ಲಿ ಗಂಟೆಗೆ 200 ಮೈಲಿಗೂ ಹೆಚ್ಚು ವೇಗದಿಂದ ಓಡಿಸಿದನು. ಆದರೆ ವಿಮೆಯ ದರ, ಹೊಗೆಯ ಕಾನೂನು, 1973ರ ತೈಲದ ಬಿಕ್ಕಟ್ಟು ಮೂರೂ ಸೇರಿ ಆ ಭರಾಟೆಯನ್ನು ಹತ್ತು ವರ್ಷದೊಳಗೆ ಮುಗಿಸಿದವು. ರಸ್ತೆಯಿಂದ ಮಾಯವಾದ ಆ ಕಾರುಗಳ ಒಂದೊಂದು ತಿರುಪನ್ನೂ ದ್ವಾರಕೆಯ ಹುಡುಗ ಬಲ್ಲನೆಂದರೆ ಅದಕ್ಕೆ ಕಾರಣ ಆ ಎರಕದ ಅಚ್ಚುಗಳು. ಅರುವತ್ತರ ದಶಕದಲ್ಲಿ ಉಕ್ಕಿನಲ್ಲಿ ಕೊರೆದ ಅಚ್ಚುಗಳಿಂದ ಇಂದಿಗೂ ತುಂಡುಗಳನ್ನು ಹೊಯ್ಯುತ್ತಿದ್ದಾರೆ. ಕಾರು ಸತ್ತಿತು, ಅಚ್ಚು ಉಳಿಯಿತು.

ನಮ್ಮಲ್ಲಿ ಇಂಥ ಇತಿಹಾಸವಿಲ್ಲವೆಂದು ಯಾರೂ ಹೇಳದಿರಲಿ. ಮದರಾಸಿನ ಬಳಿ ಶೋಲಾವರಂ ಎಂಬಲ್ಲಿ, ಯುದ್ಧಕಾಲದ ಹಳೆಯ ವಿಮಾನಪಥದ ಮೇಲೆ ದಶಕಗಳ ಕಾಲ ಪಂದ್ಯಗಳು ನಡೆದವು. ಅಲ್ಲಿ ಓಡಿದವುಗಳಲ್ಲಿ ನಮ್ಮ ಫಿಯೆಟ್ಟುಗಳೂ, ಸ್ಟ್ಯಾಂಡರ್ಡ್ ಹೆರಾಲ್ಡುಗಳೂ, ಅಂಬಾಸಿಡರುಗಳೂ ಇದ್ದವು. ಬೆಳಿಗ್ಗೆ ಮಾವನವರನ್ನು ಸ್ಟೇಷನ್ನಿಗೆ ಬಿಟ್ಟು ಬರುವಂಥ ಕಾರುಗಳೇ ಅವು. 'ಸ್ಟಾಕ್ ಕಾರ್' ಎಂಬ ಹೆಸರಿಗೆ ಇದಕ್ಕಿಂತ ಅರ್ಹವಾದವು ಯಾವುವು? ಬಲದ ವಿಷಯ ಬೇರೆ. ಚಾರ್ಜರಿನ ದೊಡ್ಡ ಎಂಜಿನು 7 ಲೀಟರಿನದು, ನಮ್ಮ ಫಿಯೆಟ್ಟಿನದು 1089 ಸಿಸಿ. ಆ ಒಂದು ಬಾನೆಟ್ಟಿನ ಕೆಳಗೆ ನಮ್ಮ ಆರು ಸಂಸಾರಗಳು ತುಂಬುತ್ತಿದ್ದವು.

ತಾತನವರ ಫಿಯೆಟ್ಟಿಗೆ ಬರೋಣ. ಅದು 1984ರ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿದ ಫಿಯೆಟ್ 1100 ಡಿಲೈಟ್ ಎಂಬ ಕಾರಿಗೇ ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂದು ಹೆಸರು ಬದಲಾಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು ಫಿಯೆಟ್ಟೇ. ನಮ್ಮ ಮಿತ್ರರು ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಅದನ್ನು ಪಡೆದಿದ್ದರು. ಬೇಸಗೆ ರಜ ಬಂದಿತೆಂದರೆ ಝಾನ್ಸಿ, ನಾಗಪುರ, ಹೈದರಾಬಾದು, ಬೆಂಗಳೂರು ಹಾದು ಹಾಸನಕ್ಕೆ ಪ್ರಯಾಣ. ದಾರಿಯಲ್ಲಿ ನಾಲ್ಕು ರಾತ್ರಿ ತಂಗಬೇಕು. ಹಿಂದಿನ ಸೀಟಿನಲ್ಲಿ ಮೂವರು ಮಕ್ಕಳು, ಒಂದು ನೀರಿನ ಕೂಜ, ಅವರ ಶ್ರೀಮತಿಯವರು ಹುರಿದು ತುಂಬಿಸಿದ ಅವಲಕ್ಕಿಯ ಡಬ್ಬ. ದಿಲ್ಲಿಯ ಕನ್ನಡಿಗರಲ್ಲಿ ಇಂಥ ಪ್ರಯಾಣದ ನೆನಪಿಲ್ಲದ ಮನೆ ವಿರಳ. ಕೆಲವರಿಗೆ ಕಾರಿನದು, ಉಳಿದ ನಮ್ಮಂಥವರಿಗೆ ರೈಲಿನದು. ಆ ಕಾರನ್ನು ಅವರು 2019ರಲ್ಲಿ ಗುಜರಿಗೆ ಕೊಟ್ಟರು.

ಕೊಡದೆ ಉಪಾಯವಿರಲಿಲ್ಲ. ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳೂ ಓಡಕೂಡದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2014-15ರ ಆಜ್ಞೆಗಳನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಮುಂದೆ 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ದಿಲ್ಲಿಯಲ್ಲಿ ಇಂಧನ ಹಾಕಬಾರದೆಂಬ ನಿಯಮ ಬಂದು ಕೆಲವೇ ದಿನಗಳಲ್ಲಿ ನಿಂತಿತು. ಅದೇ ಆಗಸ್ಟಿನಲ್ಲಿ, ವಯಸ್ಸೊಂದನ್ನೇ ಕಾರಣ ಮಾಡಿಕೊಂಡು ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗೆ ಮಿತಿಗೊಳಿಸಿತು. ಪದ್ಮಿನಿಯಂಥ ಹಳೆಯ ಗಾಡಿಗೆ ಇದರಿಂದ ಪ್ರಯೋಜನವಿಲ್ಲ.

ಈ ಕಾನೂನನ್ನು ನಾವು ವಿರೋಧಿಸುವವರಲ್ಲ. ಕಾರ್ತಿಕ ಮಾಸದಲ್ಲಿ ಈ ನಗರದ ಗಾಳಿಯನ್ನು ಸೇವಿಸಿದ ಯಾವನೂ ಹಳೆಯ ಕಾರಿನ ಹೊಗೆಗಾಗಿ ವಾದಿಸಲಾರನು. ಆದರೆ ಒಂದು ವಿಚಿತ್ರವನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ, 50 ವರ್ಷ ಮೀರಿ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನ 'ವಿಂಟೇಜ್' ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಆಮೇಲೆ ಪ್ರದರ್ಶನಕ್ಕೋ ಮೆರವಣಿಗೆಗೋ ಅದನ್ನು ತೆಗೆದುಕೊಂಡು ಹೋಗಬಹುದು. ಹಾಗಾದರೆ ಹದಿನೈದಕ್ಕೂ ಐವತ್ತಕ್ಕೂ ನಡುವಣ ಮೂವತ್ತೈದು ವರ್ಷ ಆ ಕಾರು ಎಲ್ಲಿರಬೇಕು? ಅರಮನೆಯ ಮೋಟಾರುಖಾನೆ ಇದ್ದವರು ಇಟ್ಟುಕೊಳ್ಳಬಹುದು. 1964ರಿಂದ ದಿಲ್ಲಿಯಲ್ಲಿ ನಡೆದುಬಂದಿರುವ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ಮೆರವಣಿಗೆಯನ್ನು ನೋಡಿದವರಿಗೆ ಎಂಥ ಕಾರುಗಳು ಬದುಕಿ ಉಳಿಯುತ್ತವೆಂಬುದು ಗೊತ್ತು. ಎರಡು ಕೋಣೆಯ ಫ್ಲಾಟಿನಲ್ಲಿರುವ ಗುಮಾಸ್ತನ ಕಾರು 2034ರವರೆಗೆ ಕಾಯಲಾರದು. ನೆರೆಯವರು ಈಗಾಗಲೇ ಪಾರ್ಕಿಂಗ್ ಜಾಗಕ್ಕಾಗಿ ಜಗಳ ತೆಗೆದಿರುತ್ತಾರೆ.

ಹೀಗಾಗಿ ಬಡವರ, ಮಧ್ಯಮವರ್ಗದವರ ಕಾರುಗಳು ಒಂದೂ ಗುರುತಿಲ್ಲದೆ ಕರಗಿಹೋಗುತ್ತಿವೆ. ಅವುಗಳ ಬಾಳನ್ನು ಉಳಿಸುವುದು ನಮ್ಮ ಕೈಯಲ್ಲಿಲ್ಲ. ರೂಪವನ್ನು ಉಳಿಸುವುದು ಕೈಯಲ್ಲಿದೆ, ಅದೂ ಇಂಥ ಹುಡುಗರ ಕೈಯಲ್ಲಿದೆ ಎಂಬುದೇ ನಮ್ಮ ವಾದ. ಆದರೆ ಆ ದಿನ ಮೇಜಿನ ಬಳಿ ನಡೆದುದನ್ನು ಕೇಳಿ. ಹುಡುಗ ಕಾಗದ ಪೆನ್ಸಿಲು ತೆಗೆದುಕೊಂಡು, "ತಾತ, ಬಾಗಿಲಿನ ಅಗಲ ಎಷ್ಟಿತ್ತು?" ಎಂದನು.

"ನಿಮ್ಮಜ್ಜಿ ಕೊಡೆ ಮಡಿಸದೆ ಒಳಗೆ ಬರುತ್ತಿದ್ದಳು, ಅಷ್ಟಿತ್ತು."

"ಸೆಂಟಿಮೀಟರಿನಲ್ಲಿ ಹೇಳಿ ತಾತ."

ತಾತನವರು ಬಹಳ ಹೊತ್ತು ಸುಮ್ಮನೆ ಕುಳಿತರು. ಮೂವತ್ತೈದು ವರ್ಷ ಓಡಿಸಿದ ಕಾರಿನ ನಂಬರು ಅವರ ಬಾಯಲ್ಲಿತ್ತು, ಅದು ಏರುದಾರಿಯಲ್ಲಿ ಉಬ್ಬಸಪಡುತ್ತಿದ್ದ ಸದ್ದನ್ನೂ ಮಾಡಿ ತೋರಿಸಬಲ್ಲವರಾಗಿದ್ದರು. ಅಳತೆ ಮಾತ್ರ ಮನೆಯಲ್ಲಿ ಯಾರಲ್ಲಿಯೂ ಇರಲಿಲ್ಲ. ಗುಜರಿಯವನು ಬರುವ ಮುನ್ನ ಒಂದು ಟೇಪು ಹಿಡಿದು ಅರ್ಧ ಗಂಟೆ ಸುತ್ತಿದ್ದರೆ ಸಾಕಾಗುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯುತ್ತಿರಲಿಲ್ಲ.

ಆಗ ದಾರಿ ತೋರಿಸಿದವನು ಹುಡುಗನೇ. ಎರಡು ಚಕ್ರಗಳ ನಡುವಣ ದೂರವೊಂದು ತಿಳಿದರೆ ಉಳಿದುದನ್ನು ಫೋಟೋದಿಂದ ಲೆಕ್ಕ ಹಾಕಬಹುದಂತೆ. ಪದ್ಮಿನಿಯ ಆ ದೂರ 2340 ಮಿಲಿಮೀಟರು; ಇಪ್ಪತ್ತೈದರಿಂದ ಭಾಗಿಸಿದರೆ ಸುಮಾರು 94. ಕಾರನ್ನು ನೇರ ಮಗ್ಗುಲಿನಿಂದ ದೂರ ನಿಂತು ತೆಗೆದ ಫೋಟೋ ಬೇಕು. ಹತ್ತಿರದಿಂದ ತೆಗೆದರೆ ಮೂತಿ ಉಬ್ಬಿ ಬಾಲ ಕುಗ್ಗಿ ಅಳತೆ ಕೆಡುತ್ತದೆ. ಆಲ್ಬಮ್ಮುಗಳನ್ನೆಲ್ಲ ಹರಡಿದರು. ಕಾರಿನ ಮುಂದೆ ನಿಂತ ಮದುಮಕ್ಕಳು, ಬಾನೆಟ್ಟಿನ ಮೇಲೆ ಕುಳಿತ ಮಕ್ಕಳು, ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಮೂತಿ. ನೂರು ಚಿತ್ರಗಳಲ್ಲಿ ಕಾರು ಇದ್ದರೂ ಕಾರಿನದೇ ಚಿತ್ರ ಒಂದೂ ಇಲ್ಲ! ಕೊನೆಗೆ ನಾಗಪುರದ ಆಚೆ ಎಲ್ಲೋ ರಸ್ತೆಯ ಪಕ್ಕ ಚಕ್ರ ಬದಲಾಯಿಸುತ್ತಿರುವಾಗ ಹಿರಿಯ ಮಗ ಬೇಸರಕ್ಕೆ ತೆಗೆದ ಒಂದು ಚಿತ್ರ ಸಿಕ್ಕಿತು. ಮಗ್ಗುಲು ಪೂರ್ತಿಯಾಗಿ ಕಾಣುತ್ತಿತ್ತು.

ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಪದ್ಮಿನಿಯನ್ನಾಗಲಿ ಅಂಬಾಸಿಡರನ್ನಾಗಲಿ ದಿಲ್ಲಿಯ ಅಂಗಡಿಗಳಲ್ಲಿ ನಾವು ಕಂಡಿಲ್ಲ. ಹಿಂದಕ್ಕೆಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಿಡರು ಆಟಿಕೆಯಾಗಿ ಸಿಗುತ್ತದೆ, ಒಳ್ಳೆಯದೇ ಆಗಿದೆ. ಆದರೆ ಅದರೊಳಗೆ ಎಂಜಿನಿಲ್ಲ. ಆದುದರಿಂದ ಹುಡುಗ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಬಾಗಿಸಿ, ಪುಟ್ಟಿ ತುಂಬಿಸಿ, ಉಜ್ಜಿ, ಹೊರಮೈಯನ್ನು ತಾನೇ ಕಟ್ಟಬೇಕಾಯಿತು. ಈಗ ಕಂಪ್ಯೂಟರಿನಲ್ಲಿ ರಚಿಸಿದ ಆಕೃತಿಯನ್ನು ಪದರ ಪದರವಾಗಿ ಮುದ್ರಿಸಿ ಕೊಡುವವರೂ ನೋಯ್ಡಾ, ಗುರುಗ್ರಾಮಗಳಲ್ಲಿದ್ದಾರೆ. ಚಕ್ರದ ಮುಚ್ಚಳಗಳನ್ನು ಹಾಗೆ ಮಾಡಿಸಿದನು. ಈ ಕುಶಲತೆಯೆಲ್ಲ ಅವನಿಗೆ ಬಂದುದು ಎಲ್ಲಿಂದ? ಆ ಪರದೇಶದ ಚಾರ್ಜರನ್ನು ಕಟ್ಟಿಯೇ. "ಅಮೆರಿಕದ ಕಾರು ನಮ್ಮ ಮಕ್ಕಳಿಗೇಕೆ" ಎನ್ನುವವರು ಇದನ್ನು ಮರೆಯಬಾರದು.

ಇಲ್ಲಿ ಸರಕಾರಕ್ಕೆ ಒಂದು ಮಾತು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅಗ್ಗದ, ವಿಷದ ಬಣ್ಣ ಬಳಿದ ಪರದೇಶದ ಗೊಂಬೆಗಳಿಂದ ಎಳೆಯ ಮಕ್ಕಳನ್ನೂ ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳನ್ನೂ ಕಾಪಾಡುವ ಉದ್ದೇಶ ಅದರ ಹಿಂದಿರುವುದಾದರೆ ಅದಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ. ಆದರೆ ಸುಂಕದ ಪಟ್ಟಿಯಲ್ಲಿ ಅಳತೆಯ ಪ್ರತಿಕೃತಿಗಳು ಗೊಂಬೆಗಳ ಜೊತೆಯಲ್ಲಿಯೇ, 9503 ಎಂಬ ಒಂದೇ ಶೀರ್ಷಿಕೆಯ ಕೆಳಗೆ ಇವೆ. ಕಿಲುಕುವ ಗಿಲಕಿಗೂ ನೂರಾರು ತುಂಡುಗಳ ಎಂಜಿನಿನ ಪ್ರತಿಕೃತಿಗೂ ಒಂದೇ ತಕ್ಕಡಿ. ಇಲ್ಲಿ ಸುಂಕ ಕಾಯಬೇಕಾದ ಸ್ವದೇಶೀ ಕೈಗಾರಿಕೆ ಯಾವುದು? ಆ ಹುಡುಗನ ಪೆಟ್ಟಿಗೆಗೆ ನಾಲ್ಕು ಸಾವಿರ ರೂಪಾಯಿಗೆ ಹತ್ತಿರವಾಯಿತಂತೆ, ಬಣ್ಣದ ಖರ್ಚು ಬೇರೆ. ತಾತನ ಪಿಂಚಣಿ ಇರುವವನಿಗೆ ಸರಿ. ಇಲ್ಲದವನ ಮಗನಿಗೂ ಕೈಗಳುಂಟು. ಬಿಡಿ ತುಂಡುಗಳಾಗಿ ಬರುವ, ಕಟ್ಟಿ ಕಲಿಯುವ ಪೆಟ್ಟಿಗೆಗಳನ್ನು ಆಟಿಕೆಗಳಿಂದ ಬೇರ್ಪಡಿಸಿ ಸುಂಕವನ್ನು ಇಳಿಸಬೇಕು. ಗ್ರೇಟರ್ ನೋಯ್ಡಾದಲ್ಲಿ ಐದು ಕಿಲೋಮೀಟರಿನ ಪಂದ್ಯದ ಪಥ ಕಟ್ಟಿ, 2011ರಿಂದ ಮೂರು ವರ್ಷ ಫಾರ್ಮುಲಾ ಒನ್ ಓಡಿಸಿ ಸಂತೋಷಪಟ್ಟ ಪ್ರದೇಶವಿದು. ಒಂದು ಬಾಟಲಿ ಪ್ಲಾಸ್ಟಿಕ್ ಅಂಟಿಗೆ ಹುಡುಗರು ಅಂಗಡಿಯಿಂದ ಅಂಗಡಿಗೆ ಅಲೆಯುವಂತಾಗಬಾರದು.

ಚಿಕ್ಕ ವಸ್ತುಗಳನ್ನು ಗೌರವಿಸುವುದು ಈ ನಗರಕ್ಕೆ ಹೊಸದೇನೂ ಅಲ್ಲ. ವ್ಯಂಗ್ಯಚಿತ್ರಕಾರ ಶಂಕರರು 1965ರಲ್ಲಿ ಬಹಾದುರ್ ಷಾ ಜಫರ್ ಮಾರ್ಗದಲ್ಲಿ ಗೊಂಬೆಗಳಿಗಾಗಿಯೇ ವಸ್ತುಸಂಗ್ರಹಾಲಯ ಸ್ಥಾಪಿಸಿದರು. ಗುರುಗ್ರಾಮದ ಆಚೆ ತಾವಡೂ ಬಳಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿನಲ್ಲಿ ಎತ್ತಿನ ಬಂಡಿಯಿಂದ ಹಿಡಿದು ಮೋಟಾರು ಕಾರಿನವರೆಗೆ ನೋಡಲು ಸಿಗುತ್ತದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳನ್ನು ವನಭೋಜನಕ್ಕೆ ಕರೆದೊಯ್ಯುತ್ತವೆಯಷ್ಟೆ. ಒಮ್ಮೆ ಅಲ್ಲಿಗೂ ಹೋಗಲಿ, ಅನುಮತಿ ಪಡೆದು ಟೇಪು ಪೆನ್ಸಿಲುಗಳೊಡನೆ ಹೋಗಲಿ. ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದ ಕಟ್ಟಡದಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಒಂದು ಮೆಟ್ಟಿಲನ್ನು ಮಕ್ಕಳು ಕಟ್ಟಿದ ಕಾರು, ಬಸ್ಸು, ರೈಲುಗಳಿಗೆ ಬಿಟ್ಟರೆ ಪಟ್ಟದ ಗೊಂಬೆಗಳು ಬೇಸರಪಡಲಾರವು. ಮುಖ್ಯವಾಗಿ, ಇನ್ನೂ ಯಾರ ಮನೆಯ ಮುಂದೆ ಹಳೆಯ ಕಾರು ನಿಂತಿದೆಯೋ ಅವರು ಗುಜರಿಯವನಿಗೆ ಫೋನು ಮಾಡುವ ಮೊದಲು ಅದರ ಅಳತೆ ತೆಗೆಯಲಿ. ಹಿಂದೆ, ಮುಂದೆ, ಎರಡು ಮಗ್ಗುಲು, ಒಳಗಿನ ಡ್ಯಾಷ್‌ಬೋರ್ಡು, ಎಲ್ಲದರ ಚಿತ್ರ ತೆಗೆದಿಡಲಿ.

ಕಟ್ಟಲು ಹೊರಡುವವರಿಗೆ ದಿಲ್ಲಿಯ ಹವೆಯ ವಿಷಯವನ್ನೂ ಹೇಳಬೇಕು. ಪೆಟ್ಟಿಗೆಯೊಳಗಣ ಸೂಚನೆಗಳನ್ನು ಬರೆದವರು ಈ ಊರನ್ನು ನೋಡಿದವರಲ್ಲ. ಮೇ ತಿಂಗಳಲ್ಲಿ ಸಿಂಪಡಿಸಿದ ಬಣ್ಣ ಮೈಗೆ ತಗಲುವ ಮುನ್ನವೇ ಗಾಳಿಯಲ್ಲಿ ಒಣಗಿ ಹಿಟ್ಟಿನಂತೆ ಕೂರುತ್ತದೆ, ಅದರ ಮೇಲೆ ಲೂ ಗಾಳಿಯ ಧೂಳು ಬೇರೆ. ಮಳೆಗಾಲದಲ್ಲಿ ತೇವ ಸೇರಿ ಬಣ್ಣದ ಮೇಲೆ ಬಿಳಿಯ ಮಬ್ಬು ಕವಿಯುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಕೆಲಸ ಮಾಡಿದರೆ ಥಿನ್ನರಿನ ಆವಿ ತಲೆಗೇರುತ್ತದೆ. ತೆರೆದರೆ ಹೊರಗಿನ ಗಾಳಿ ಅದಕ್ಕಿಂತ ಉತ್ತಮವೆಂದು ಹೇಳಲಾಗದು. ಫೆಬ್ರವರಿ ಮಾರ್ಚಿಗಳು ಪ್ರಶಸ್ತ. ತಪ್ಪಿದರೆ ಮಳೆ ನಿಂತ ಮೇಲೆ, ದೀಪಾವಳಿಗೆ ಮೊದಲಿನ ಕೆಲವು ವಾರಗಳು.

ಮೊನ್ನೆ ಮತ್ತೆ ಹೋಗಿದ್ದೆವು. ಫಿಯೆಟ್ಟಿನ ಮೈ ಹದಿನಾರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆಯಾಗಿ ಮೇಜಿನ ಮೇಲೆ ನಿಂತಿತ್ತು. ಚಾರ್ಜರಿನ ಪಕ್ಕದಲ್ಲಿ ಅದು ಪೈಲವಾನನ ಪಕ್ಕ ನಿಂತ ಶಾಲಾ ಉಪಾಧ್ಯಾಯರಂತೆ ಕಾಣುತ್ತಿತ್ತು. ತಾತನಿಗೂ ಮೊಮ್ಮಗನಿಗೂ ವಾಗ್ವಾದ ನಡೆದಿತ್ತು. ಎಡಗಡೆಯ ಹಿಂದಿನ ಮಡ್‌ಗಾರ್ಡು ನಾಗಪುರದ ಲಾರಿ ತಗಲಿ ತಗ್ಗಿತ್ತು, ಅದನ್ನೂ ಮಾಡಬೇಕೆಂದು ತಾತನವರ ಹಟ. ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂದು ಹುಡುಗನ ನಿಯಮ. ಇತ್ಯರ್ಥಕ್ಕೆ ನಮ್ಮನ್ನು ಕರೆದರು. ನಾವು ತಾತನವರ ಪಕ್ಷ ವಹಿಸಿದೆವು. ತಾಯಿಯವರೂ ಅಡಿಗೆಮನೆಯಿಂದಲೇ, "ಆ ಲಾರಿ ತಗಲಿದಾಗ ನಾನು ಹಿಂದಿನ ಸೀಟಿನಲ್ಲಿದ್ದೆ, ತಗ್ಗು ಬಾಗಿಲಿನವರೆಗೂ ಬಂದಿತ್ತು" ಎಂದು ಕೂಗಿ ಹೇಳಿದರು. ಹುಡುಗ ಬಿಸಿ ಮಾಡಿದ ಚಮಚದ ಹಿಂಬದಿಯಿಂದ ತಗ್ಗು ಒತ್ತುವುದೆಂದು ತೀರ್ಮಾನವಾಯಿತು. ಬಣ್ಣ ದಸರೆ ಕಳೆದ ಮೇಲೆ.